ಅಣ್ಣನ ಫೋಟೊ ಮುದ್ದೆ ಮಾಡಿದ್ದು

ಚಿಕ್ಕೋಡಿಯಲ್ಲಿ ನಾನು ಕೆಲಸಕ್ಕಿದ್ದ ಆಫೀಸೆಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಯೂರಿಯಾ ಚೀಲಗಳ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಅಲ್ಲಿ ಇದ್ದವರು ಮೂವರು: ಮಾಲಕರು, ನಿಪ್ಪಾಣಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಒಬ್ಬ ಇಂಜಿನಿಯರ್, ಮತ್ತು ನಾನು. ಮಾಲಕರು ಇಪ್ಪತ್ತು ವರ್ಷ ಮದುವೆಯ ವಿಡಿಯೊ ತೆಗೆದವರು. ಎಲ್ಲರ ಕೈಗೂ ಮೊಬೈಲು ಬಂದು ಆ ಧಂದೆ ಬಿದ್ದುಹೋದ ಮೇಲೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನೊಳಗೇ ಹೆಣ್ಣು ಗಂಡು ಹೊಂದಿಸುವ ಒಂದು ಆ್ಯಪ್ ಮಾಡಲು ಹೊರಟಿದ್ದರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಮದುವೆ ಯಾಕೆ ಮುರಿಯಿತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಆ್ಯಪಿನ ಒಳಗಿನ ಲೆಕ್ಕಾಚಾರ ಇಂಜಿನಿಯರನದು. ನನ್ನದು ಪರದೆಯ ಮೇಲೆ ಕಾಣುವುದೆಲ್ಲ. ಗುಂಡಿ ಎಲ್ಲಿರಬೇಕು, ಒತ್ತಿದಾಗ ಅದು ಎಷ್ಟು ಕುಗ್ಗಿ ಮೇಲೇಳಬೇಕು, ಒಂದು ಫೋಟೊ ಹೋಗಿ ಇನ್ನೊಂದು ಬರುವಾಗ ಹೇಗೆ ಬರಬೇಕು ಎಂಬಂಥ ಸಣ್ಣ ಚಲನೆಗಳು. ಬಿಸಿಎ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಈ ಕೆಲಸ ಬಹಳ ಹಿಡಿಸಿತ್ತು. ನಿಂತಿದ್ದನ್ನು ಕದಲಿಸುವುದರಲ್ಲಿ ಒಂದು ಸುಖವಿದೆ. ಮೊದಲು ನಿಧಾನ, ಆಮೇಲೆ ಜೋರು ಮಾಡಿದರೆ ವಸ್ತುವಿಗೆ ಭಾರ ಬಂದಂತೆ ಕಾಣುತ್ತದೆ. ಮೊದಲು ಜೋರು, ಆಮೇಲೆ ನಿಧಾನ ಮಾಡಿದರೆ ಯಾರೋ ಪ್ರೀತಿಯಿಂದ ತಂದಿಟ್ಟಂತೆ. ಇಷ್ಟೇ ವ್ಯತ್ಯಾಸ, ನೋಡುವವರ ಮನಸ್ಸು ಬದಲಾಗುತ್ತದೆ.

ಒಪ್ಪಿಗೆಯ ಗುಂಡಿ ಒತ್ತಿದರೆ ಹೂವಿನ ಎಸಳು ಉದುರುವುದನ್ನು ಮಾಲಕರೇ ಹೇಳಿ ಮಾಡಿಸಿದ್ದರು. ಅವರ ಮದುವೆ ವಿಡಿಯೊಗಳಲ್ಲೆಲ್ಲ ಅದೇ ಎಸಳು. ಒಂದು ದಿನ ಬೇಡ ಎನ್ನುವ ಗುಂಡಿಯ ವಿಷಯ ತೆಗೆದರು. ನಾನು ಅದಕ್ಕೆ ಫೋಟೊ ಸುಮ್ಮನೆ ಎಡಕ್ಕೆ ಸರಿದು ಹೋಗುವಂತೆ ಮಾಡಿದ್ದೆ. ಅದು ಸಪ್ಪೆಯಾಯಿತು ಎಂದರು.

"ನಮ್ಮ ಕಡೆ ಈಗ ಹೆಣ್ಣಿನಾವ್ರದ ರಾಜ್ಯ ಐತಿ, ತಂಗಿ," ಎಂದರು. "ಒಕ್ಕಲತನ ಮಾಡೂ ಹುಡುಗೂರನ್ನ ಯಾರೂ ಕೇಳವಲ್ಲರು. ಹತ್ತ ನೋಡಿ ಹತ್ತೂ ಬ್ಯಾಡ ಅಂತಾರ. ಆ ಬ್ಯಾಡ ಅನ್ನೂದ್ರಾಗ ಮಜಾ ಬರಬೇಕು. ಕಾಗದ ಮುದ್ದಿ ಮಾಡಿ ಬುಟ್ಟ್ಯಾಗ ಒಗದಂಗ ಮಾಡು. ಅದಕ್ಕಾರ ತಿರುಗಿ ತಿರುಗಿ ಬರತಾರ."

ಹಾಗಾದರೆ ಗಂಡಿನ ಕಡೆಯವರು ಹುಡುಗಿಯ ಫೋಟೊ ಬೇಡ ಎಂದರೂ ಹೀಗೆಯೇ ಆಗಬೇಕೇ ಎಂದು ಕೇಳಿದೆ. ಮಾಲಕರು ಗಾಬರಿಯಾದರು. ಹಾಗೆ ಮಾಡಿದರೆ ಊರೂರಿಗೆ ಜಗಳ ಬೀಳುತ್ತವೆ, ಹುಡುಗಿಯರ ಫೋಟೊ ಮೊದಲಿನಂತೆ ಮೆಲ್ಲಗೆ ಸರಿಯಲಿ, ಹಿಂದೆ ಒಂದು ಮಲ್ಲಿಗೆ ಹೂ ಬೇಕಾದರೆ ಇಡು ಎಂದರು. ಮುದ್ದೆಯಾಗುವುದು ಗಂಡುಮಕ್ಕಳು ಮಾತ್ರ.

ಕೆಲಸ ಶುರು ಮಾಡಲು ಒಂದು ಫೋಟೊ ಬೇಕಿತ್ತು. ಸಿನಿಮಾದವರ ಮುಖ ಬೇಡ, ನಮ್ಮ ಕಡೆಯ ಮುಖವೇ ಇರಲಿ ಎಂದು ಮಾಲಕರು ಹೇಳಿದ್ದರು. ನನ್ನ ಮೊಬೈಲಿನಲ್ಲಿ ಅಣ್ಣನ ಫೋಟೊ ಇತ್ತು. ಅದನ್ನೇ ಹಾಕಿದೆ.

ಅಣ್ಣನಿಗೆ ಆಗ ಮೂವತ್ನಾಲ್ಕು. ಕರೋಶಿಯಲ್ಲಿ ನಮ್ಮದು ಒಂದೂವರೆ ಎಕರೆ ಹೊಲ, ನಾಲ್ಕು ಎಮ್ಮೆ. ಅಪ್ಪ ತೀರಿಹೋದಾಗಿನಿಂದ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಆರು ವರ್ಷದಿಂದ ಅವನಿಗೆ ಹೆಣ್ಣು ನೋಡುತ್ತಿದ್ದೆವು. ಕೆಲವರು ಚಹಾ ಕುಡಿದು ಎದ್ದು ಹೋದರು, ಕೆಲವರು ಫೋನಿನಲ್ಲೇ ಬೇಡ ಎಂದರು. ಒಬ್ಬಳ ತಾಯಿ ನಮ್ಮ ಅಂಗಳದಲ್ಲೇ ನಿಂತು, ಸೆಗಣಿ ಬಾಚಲಿಕ್ಕೆ ನನ್ನ ಮಗಳನ್ನು ಹೆತ್ತಿಲ್ಲ ಎಂದು ಹೇಳಿ ಹೋಗಿದ್ದಳು. ನನ್ನ ಬಳಿ ಇದ್ದದ್ದು ಹೆಣ್ಣಿನವರಿಗೆ ತೋರಿಸಲು ತೆಗೆಸಿದ ಅವನ ಫೋಟೊ. ಚಿಕ್ಕೋಡಿಯ ಸ್ಟುಡಿಯೊದವರೇ ಕೋಟು ಕೊಟ್ಟು, ಮುಖಕ್ಕೆ ಪೌಡರ್ ಹಚ್ಚಿ ತೆಗೆದದ್ದು. ಕೋಟಿನ ತೋಳು ಉದ್ದವಾಗಿ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ನಗು ಎಂದು ಫೋಟೊದವನು ಹೇಳಿದ್ದಕ್ಕೆ ಅಣ್ಣ ನಕ್ಕಿದ್ದ.

ಕೈಗೆ ಸಿಕ್ಕ ಫೋಟೊ ಎಂದು ನಾನು ಆಗ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಆ ವಾರ ನನಗೆ ಅಣ್ಣನ ಮೇಲೆ ಕೆಟ್ಟ ಸಿಟ್ಟಿತ್ತು.

ಹಣ್ಣಾಗುತ್ತಿದ್ದ ಮಗನಿಗೆ ಹೆಣ್ಣು ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಅವ್ವ ಹಳೆಯ ದಾರಿ ಹಿಡಿದಿದ್ದಳು. ರಾಯಬಾಗ ತಾಲೂಕಿನ ದಿಗ್ಗೇವಾಡಿಯಲ್ಲಿ ಒಂದು ಮನೆಯವರಿಗೆ ಮಗ, ಮಗಳು ಇಬ್ಬರೂ ಇದ್ದರು. ಅವರ ಮಗಳು ನಮ್ಮ ಮನೆಗೆ, ನಾನು ಅವರ ಮನೆಗೆ. ಅದಲು ಬದಲು. ಅವರು ಮಗ, ಮಗಳು ಇಬ್ಬರನ್ನೂ ಕರೆದುಕೊಂಡು ಬಂದು ನೋಡಿ ಹೋದರು. ಆ ಮನೆಯ ಮಗನಿಗೆ ಹೊಳೆಯ ದಂಡೆಗೆ ಕಬ್ಬಿನ ಹೊಲವಿತ್ತು, ಕುತ್ತಿಗೆಯಲ್ಲಿ ದಪ್ಪ ಸರವಿತ್ತು. ನನ್ನ ಕೆಲಸದ ಮಾತು ಬಂದಾಗ ಅವನು ನನ್ನನ್ನು ನೋಡದೆ ಅವ್ವನಿಗೆ, "ಕೆಲಸಾ ಬಿಡಬೇಕಾಕ್ಕೈತ್ರಿ. ನಮ್ಮ ಮನ್ಯಾಗ ಹೆಣಮಕ್ಕಳಿಗೆಲ್ಲಾ ಕೂಡಿ ಒಂದ ಮೊಬೈಲ್," ಎಂದ. ಅವ್ವ ತಲೆಯಾಡಿಸಿದಳು. ಅವರು ಹೋದ ಮೇಲೆ ನಾನು ಅತ್ತೆ, ಬೈದೆ, ಊಟ ಬಿಟ್ಟೆ. ಅವ್ವ ಜಗ್ಗಲಿಲ್ಲ. ಅಣ್ಣನಾದರೂ ಒಂದು ಮಾತು ಆಡುತ್ತಾನೆ ಎಂದುಕೊಂಡೆ. ಅವನು ಎಮ್ಮೆಯ ಕರುವಿನ ಹಗ್ಗ ಬಿಚ್ಚುತ್ತ, ನನ್ನ ಕೆಲಸ ಏನು ಮಹಾ, ಚಿತ್ರ ಕುಣಿಸುವುದು ತಾನೆ ಎಂದ.

ಮರುದಿನವೇ ಅವನ ಫೋಟೊ ತೆಗೆದುಕೊಂಡು ಕೂತೆ.

ನಿಜವಾದ ಕಾಗದ ಹೇಗೆ ಮುದ್ದೆಯಾಗುತ್ತದೆ ಎಂದು ತಿಳಿಯಲು ಹಳೆಯ ಬಿಲ್ಲಿನ ಹಾಳೆಗಳನ್ನು ಮುದುಡಿ ಮುದುಡಿ ವಿಡಿಯೊ ಮಾಡಿದೆ. ಅದನ್ನು ನಿಧಾನವಾಗಿ ಓಡಿಸಿ ನೋಡಿದರೆ ಮೂಲೆಗಳು ಮೊದಲು ಒಳಗೆ ಬರುತ್ತವೆ, ನಡುಭಾಗ ಕೊನೆಗೆ ಮುರಿಯುತ್ತದೆ. ಎಂದರೆ ಮುಖ ಕಡೆಯವರೆಗೂ ಉಳಿಯುತ್ತದೆ. ಫೋಟೊವನ್ನು ಸಣ್ಣ ತ್ರಿಕೋನಗಳಾಗಿ ಕತ್ತರಿಸಿ, ಒಂದೊಂದಕ್ಕೂ ಬೇರೆ ಬೇರೆ ಓರೆ ಕೊಟ್ಟು, ಮಡಿಕೆಯ ಗೆರೆಗಳ ಮೇಲೆ ನೆರಳು ಬಿಟ್ಟೆ. ಎಲ್ಲ ಒಂದು ಸೆಕೆಂಡಿನೊಳಗೆ ಮುಗಿಯಬೇಕು. ಅರ್ಧ ಸೆಕೆಂಡಾದರೆ ಕಣ್ಣಿಗೆ ಸಿಗುವುದಿಲ್ಲ, ಒಂದೂವರೆಯಾದರೆ ಬೇಸರ ಬರುತ್ತದೆ. ಮುದ್ದೆಯಾದ ಮೇಲೆ ಕೆಳಗೆ ಒಂದು ಬುಟ್ಟಿ ಏಳುತ್ತದೆ, ಮುದ್ದೆ ಅದರ ಅಂಚಿಗೆ ಒಮ್ಮೆ ಬಡಿದು ಪುಟಿದು ಒಳಗೆ ಬೀಳುತ್ತದೆ. ಬಿದ್ದ ಕ್ಷಣಕ್ಕೆ ಮೊಬೈಲು ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ಅಂಚಿಗೆ ಬಡಿದು ಪುಟಿಯುವುದು ನನ್ನದೇ ಯೋಚನೆ. ಅದನ್ನು ಯಾರೂ ಹೇಳಿರಲಿಲ್ಲ.

ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ಅಣ್ಣನನ್ನು ಎಷ್ಟು ಸಲ ಮುದ್ದೆ ಮಾಡಿದೆನೋ ಗೊತ್ತಿಲ್ಲ. ಮೊದಲನೆಯ ದಿನ ಕೈ ಹಿಂಜರಿಯಿತು. ಎರಡನೆಯ ದಿನಕ್ಕೆ ಅದು ಅಣ್ಣ ಅನ್ನಿಸಲಿಲ್ಲ. ಎಡಗೆನ್ನೆ ಸರಿಯಾಗಿ ಮಡಚುತ್ತಿಲ್ಲ, ಗದ್ದ ಬೇಗ ಮಾಯವಾಗುತ್ತಿದೆ ಎಂದಷ್ಟೇ ನೋಡುತ್ತಿದ್ದೆ. ಸಂಜೆ ಮನೆಗೆ ಹೋದರೆ ಅದೇ ಮುಖ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ.

ನನ್ನ ಮೊಬೈಲಿನಲ್ಲಿ ಎಲ್ಲ ಚೆನ್ನಾಗಿ ಓಡಿತು. ಹಳ್ಳಿಗಳಲ್ಲಿ ಇರುವಂಥ ಅಗ್ಗದ ಮೊಬೈಲುಗಳಲ್ಲಿ ನೋಡಿದಾಗ ಮಾತ್ರ ನಡುವೆಯೇ ನಿಂತುಬಿಟ್ಟಿತು. ಅರ್ಧ ಮುದುಡಿದ ಮುಖ, ಒಂದು ಕಣ್ಣು ತುಟಿಯ ಪಕ್ಕಕ್ಕೆ ಬಂದು, ಆ ನಗು ಹಾಗೆಯೇ ಉಳಿದು, ಪರದೆ ಸತ್ತಂತೆ ನಿಂತಿತು. ನಿಪ್ಪಾಣಿಯ ಇಂಜಿನಿಯರ್ ಅದನ್ನು ನೋಡಿ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಏಕ್ ನಂಬರ್ ಝಾಲಂ," ಎಂದು ಮರಾಠಿಯಲ್ಲಿ ಹೊಗಳಿ, ಅದರ ಚಿತ್ರ ಹಿಡಿದು ನಮ್ಮ ಮೂವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಅಂದಿನಿಂದ ನಮ್ಮೊಳಗೆ ಯಾರ ಕೆಲಸ ಕೆಟ್ಟರೂ ಅಣ್ಣನ ಆ ಮುಖವನ್ನು ಕಳಿಸುವುದು ರೂಢಿಯಾಯಿತು. ನಾನೂ ಕಳಿಸುತ್ತಿದ್ದೆ. ತ್ರಿಕೋನಗಳನ್ನು ಕಡಿಮೆ ಮಾಡಿ ಎರಡು ದಿನದಲ್ಲಿ ತೊಡಕನ್ನು ಬಿಡಿಸಿದೆ. ಚಿತ್ರ ಮಾತ್ರ ಗುಂಪಿನಲ್ಲಿ ಉಳಿಯಿತು.

ಆ್ಯಪಿನ ಉದ್ಘಾಟನೆಯನ್ನು ಮಾಲಕರು ರಾಯಬಾಗದ ಒಂದು ಮಂಗಲ ಕಾರ್ಯಾಲಯದಲ್ಲಿ ಇಟ್ಟುಕೊಂಡರು. ಸುತ್ತಲಿನ ಹಳ್ಳಿಗಳಲ್ಲಿ ಮದುವೆಗೆ ಬಂದ ಮಕ್ಕಳಿರುವ ಮನೆಗಳಿಗೆಲ್ಲ ಕರೆ ಹೋಗಿತ್ತು. ದಿಗ್ಗೇವಾಡಿಯ ಮನೆಯವರೂ ಬರುತ್ತಾರೆಂದು ಅವ್ವ ಖುಷಿಯಿಂದ ಹೇಳಿದ್ದಳು. ನಾನು ಎಂಥ ಕೆಲಸ ಮಾಡುತ್ತೇನೆ ಎಂದು ಅವರು ಕಣ್ಣಾರೆ ನೋಡಲಿ, ಮನಸ್ಸು ಮಾಡಿದರೆ ಕೆಲಸಕ್ಕೆ ಬಿಟ್ಟರೂ ಬಿಟ್ಟಾರು ಎಂಬುದು ಅವಳ ಆಸೆ.

ಬೆಳಿಗ್ಗೆ ವೇದಿಕೆಯ ಮೇಲೆ ದೊಡ್ಡ ಬಿಳಿ ಪರದೆ ಕಟ್ಟಿ, ನನ್ನ ಮೊಬೈಲನ್ನು ಅದಕ್ಕೆ ಜೋಡಿಸಿ ನೋಡುತ್ತಿದ್ದೆವು. ಮಾದರಿಗೆ ಇಟ್ಟ ಮೊದಲ ಫೋಟೊ ಅಣ್ಣನದೇ ಇತ್ತು. ಆಳೆತ್ತರಕ್ಕಿಂತ ದೊಡ್ಡದಾಗಿ, ಸ್ಟುಡಿಯೊದ ಕೋಟಿನಲ್ಲಿ ಅವನು ಪರದೆ ತುಂಬ ನಿಂತ. ಮಾಲಕರು ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ಇಂವ ನಿಮ್ಮಣ್ಣ ಅಲ್ಲೇನು? ಬದಲಿ ಮಾಡೂಣೇನ?"

ಕುರ್ಚಿ ಹಾಕುವವರ ಸದ್ದು ಬಿಟ್ಟರೆ ಸಭಾಗೃಹ ಖಾಲಿಯಿತ್ತು. ಬೇರೆ ಫೋಟೊ ಹಾಕಲು ಅರ್ಧ ನಿಮಿಷ ಸಾಕಾಗಿತ್ತು. ದಿಗ್ಗೇವಾಡಿಯ ಹುಡುಗನ ಕುತ್ತಿಗೆಯ ಸರ ನೆನಪಾಯಿತು. ಹೆಣ್ಣುಮಕ್ಕಳಿಗೆಲ್ಲ ಒಂದು ಮೊಬೈಲು ಎಂದದ್ದು ನೆನಪಾಯಿತು. ಅಣ್ಣ ಚಿತ್ರ ಕುಣಿಸುವುದು ಎಂದದ್ದೂ ನೆನಪಾಯಿತು.

"ಇರಲಿ ಬಿಡ್ರಿ, ಸರ್," ಎಂದೆ.

ಹನ್ನೊಂದರ ಹೊತ್ತಿಗೆ ಕಾರ್ಯಾಲಯ ತುಂಬಿತು. ಮುಂದಿನ ಸಾಲುಗಳಲ್ಲಿ ಹೆಂಗಸರು. ದಿಗ್ಗೇವಾಡಿಯ ತಾಯಿ ಮಗಳು ಮೂರನೆಯ ಸಾಲಿನಲ್ಲಿ ಕೂತದ್ದನ್ನು ನಾನು ಮೊದಲೇ ನೋಡಿಕೊಂಡಿದ್ದೆ. ಅಣ್ಣ ಬಂದಿರಲಿಲ್ಲ, ಎಮ್ಮೆಯೊಂದು ಈಯುವುದಿತ್ತು. ಮಾಲಕರು ಮೈಕು ಹಿಡಿದು ಆ್ಯಪಿನ ಬಗ್ಗೆ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ಮೊಬೈಲು ಒತ್ತುತ್ತಿದ್ದೆ. ಅಣ್ಣನ ಫೋಟೊ ಬಂತು. ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ. ಕೆಳಗೆ ವಯಸ್ಸು, ಒಕ್ಕಲತನ, ನಾಲ್ಕು ಎಮ್ಮೆ ಎಂದು ಮಾತ್ರ ಇತ್ತು. ಅದನ್ನೂ ನಾನೇ ತುಂಬಿದ್ದೆ.

"ಈಗ ನಿಮಗ ಈ ಹುಡುಗ ಮನಸಿಗೆ ಬರಲಿಲ್ಲ ಅಂತ ತಿಳೀರಿ," ಎಂದರು ಮಾಲಕರು.

ಒತ್ತಿದೆ. ಮೂಲೆಗಳು ಒಳಗೆ ಬಂದವು, ಕೋಟು ಮಡಚಿತು, ಮುಖ ಕಡೆಯ ತನಕ ಉಳಿದು ನಕ್ಕು ಆಮೇಲೆ ಮುರಿಯಿತು. ಮುದ್ದೆ ಅಂಚಿಗೆ ಬಡಿದು ಪುಟಿದು ಬುಟ್ಟಿಗೆ ಬಿತ್ತು. ಸಭೆ ಒಮ್ಮೆಲೇ ನಗಲು ಶುರು ಮಾಡಿತು. ಮೊದಲ ಸಾಲಿನ ಒಬ್ಬ ಮುದುಕಿ ಕಣ್ಣೊರೆಸಿಕೊಳ್ಳುತ್ತ, "ಇನ್ನೊಮ್ಮೆ ಮಾಡವಾ," ಎಂದಳು. ಮಾಲಕರು ನನಗೆ ಸನ್ನೆ ಮಾಡಿದರು. ಇನ್ನೊಮ್ಮೆ ಮಾಡಿದೆ. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿ ಮೊಬೈಲು ಎತ್ತಿ ಹಿಡಿದರು. ಅವರೂ ಹೆಣ್ಣು ಸಿಗದವರೇ. ಅವರೇ ಹೆಚ್ಚು ನಕ್ಕರು. ಐದು ಸಲ ಮಾಡಿದೆ.

ದಿಗ್ಗೇವಾಡಿಯ ತಾಯಿ ಎರಡನೆಯ ಸಲಕ್ಕೇ ಗುರುತು ಹಿಡಿದಳು. ಮಗಳ ಕೈ ಹಿಡಿದು ಎಬ್ಬಿಸಿದಳು. ಮಗಳು ನಗುತ್ತಿರಲಿಲ್ಲ. ಪರದೆಯನ್ನೂ ನೋಡುತ್ತಿರಲಿಲ್ಲ. ಬಾಗಿಲಿನ ತನಕ ತಿರುಗಿ ತಿರುಗಿ ನನ್ನನ್ನೇ ನೋಡುತ್ತ ಹೋದಳು. ನನಗೆ ಎದೆಯೊಳಗೆ ಹಗುರಾದದ್ದು ಸುಳ್ಳಲ್ಲ.

ಮೂರೇ ದಿನಕ್ಕೆ ಅವರಿಂದ ಮಾತು ಬಂತು. ಇಡೀ ರಾಯಬಾಗ ನಕ್ಕ ಗಂಡಿಗೆ ಮಗಳನ್ನು ಕೊಟ್ಟು ನಾಳೆ ಯಾರ ಮುಂದೆ ತಿರುಗುವುದು ಎಂದು ಆ ತಾಯಿ ಫೋನಿನಲ್ಲಿ ಅವ್ವನನ್ನು ಕೇಳಿದಳಂತೆ. ಅವ್ವನಿಗೆ ಏನೂ ತಿಳಿಯಲಿಲ್ಲ. ಪಕ್ಕದ ಮನೆಯವಳು ತನ್ನ ಮೊಬೈಲಿನಲ್ಲಿ ತೋರಿಸಿದಳು. ಹಿಂದಿನ ಸಾಲಿನ ಹುಡುಗರು ಹಿಡಿದ ವಿಡಿಯೊ ಅಷ್ಟರೊಳಗೆ ಐದೂ ತಾಲೂಕು ತಿರುಗಿ ನಮ್ಮ ಓಣಿಗೆ ಬಂದಿತ್ತು. ಅದರಲ್ಲಿ ಪರದೆಯ ಪಕ್ಕಕ್ಕೆ ಮೊಬೈಲು ಹಿಡಿದು ನಿಂತವಳು ನಾನು ಎನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಮುಖದಲ್ಲಿ ನಗುವಿತ್ತು.

ಅವ್ವ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಆರ ವರ್ಷ ಮಂದಿ ಬ್ಯಾಡ ಅಂದ್ರು. ಅವರು ಹೊರಗಿನಾವ್ರು. ನೀ ನನ್ನ ಹೊಟ್ಯಾಗ ಹುಟ್ಟಿ ಮಾಡಿದಿ," ಎಂದಳು. ಆಮೇಲೆ ನನ್ನ ಮದುವೆಯಾಗುವವರೆಗೆ ನನ್ನನ್ನು ಊಟಕ್ಕೆ ಬಾ ಎಂದು ಕರೆಯಲಿಲ್ಲ. ತಾಟು ಹಾಕಿ ಇಡುತ್ತಿದ್ದಳು, ಅಷ್ಟೇ.

ಅಣ್ಣ ಏನೂ ಕೇಳಲಿಲ್ಲ. ಒಂದು ವಾರ ಕಳೆಯಿತು. ರವಿವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿ, ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತ. ನಾನು ಬಟ್ಟೆ ಒಣಹಾಕುತ್ತಿದ್ದೆ.

"ಮೊಬೈಲ್ ತಾ ಇಲ್ಲೆ. ಅದನ್ನ ಮಾಡೂದು ನನಗೂ ತೋರಸು," ಎಂದ.

ಕೊಟ್ಟೆ. ಎಲ್ಲಿ ಒತ್ತಬೇಕು ಎಂದು ತೋರಿಸಿದೆ. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಒತ್ತಿದ. ಅವನ ಮುಖ ಮುದ್ದೆಯಾಗಿ ಬುಟ್ಟಿಗೆ ಬಿತ್ತು, ಮೊಬೈಲು ಅವನ ಅಂಗೈಯಲ್ಲಿ ನಡುಗಿತು. ಮತ್ತೆ ಒತ್ತಿದ. ಎಮ್ಮೆಗೆ ಮದ್ದು ಕುಡಿಸುವಾಗ ಇರುವಂಥ ಗಮನ ಅವನ ಮುಖದಲ್ಲಿತ್ತು. ಮೂರನೆಯ ಸಲ ಒತ್ತಿ, ಅಂಚಿಗೆ ಬಡಿದು ಪುಟಿಯುವುದನ್ನು ನೋಡಿ, "ಇದನ್ನ ಯಾರ ಹೇಳಿದ್ರು, ಹಿಂಗ ಪುಟಿಯೂದು?" ಎಂದು ಕೇಳಿದ. ನಾನೇ ಮಾಡಿದ್ದು ಎಂದೆ.

"ಎಷ್ಟ ದಿನಾ ಹಿಡೀತು?"

"ನಾಲ್ಕ ದಿನಾ."

"ಫೋಟೊ ಬದಲಿ ಮಾಡಾಕ ಬರತಿದ್ದಿಲ್ಲೇನು?"

ಸುಳ್ಳು ಹೇಳಬಹುದಿತ್ತು. ಮಾಲಕರ ಮೇಲೆ ಹಾಕಬಹುದಿತ್ತು. ಯಾಕೋ ಬಾಯಿಗೆ ಬರಲಿಲ್ಲ. "ಬರತಿತ್ತು," ಎಂದೆ.

ಅವನು ತಲೆಯಾಡಿಸಿದ. ಮೊಬೈಲನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟ. "ಚಲೋ ಮಾಡಿದಿ," ಎಂದು ಎದ್ದು ಹೋದ. ಆ ಮಾತಿನಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ. ಕೆಲಸ ಚೆನ್ನಾಗಿದೆ ಎಂದೇ ಅವನು ಹೇಳಿದ್ದ.

ಊರಿನವರು ಅವನನ್ನು ಅಷ್ಟಕ್ಕೆ ಬಿಡಲಿಲ್ಲ. ಡೇರಿಯಲ್ಲಿ ಹಾಲಿನ ಚೀಟಿ ಕೊಡುವವನು ಅದನ್ನು ಮುದ್ದೆ ಮಾಡಿ ಅವನ ಕ್ಯಾನಿನ ಮುಚ್ಚಳದ ಮೇಲೆ ಎಸೆಯತೊಡಗಿದ. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಅಣ್ಣ ಅದನ್ನು ಎತ್ತಿ, ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿ ನೇರ ಮಾಡಿ ಕಿಸೆಗೆ ಹಾಕಿಕೊಳ್ಳುತ್ತಿದ್ದನಂತೆ. ಅವನು ಸಿಟ್ಟು ಮಾಡದಿದ್ದುದಕ್ಕೆ ಅವರಿಗೆ ಇನ್ನೂ ಹುರುಪು ಬಂತು. ತಿಂಗಳೊಳಗೆ ಅವನು ಪಕ್ಕದ ಊರಿನ ಡೇರಿಗೆ ಹಾಲು ಹಾಕಲು ಶುರು ಮಾಡಿದ. ಅದಕ್ಕೆ ದಿನಕ್ಕೆ ಎರಡು ಸಲ ಆರು ಕಿಲೊಮೀಟರು ಹೋಗಿ ಬರಬೇಕಿತ್ತು. ಇನ್ನು ಮುಂದೆ ತನಗೆ ಹೆಣ್ಣು ನೋಡಬೇಡ ಎಂದು ಅವ್ವನಿಗೆ ಹೇಳಿ, ಎರಡು ಎಮ್ಮೆ ಹೆಚ್ಚಿಗೆ ಕಟ್ಟಿದ.

ಆ್ಯಪು ಮಾತ್ರ ಓಡಿತು. ಮದುವೆಗೆ ಬಂದ ಮಕ್ಕಳಿಲ್ಲದ ಮನೆಯವರೂ ಮುದ್ದೆ ಮಾಡಿ ಒಗೆಯಲಿಕ್ಕೆಂದೇ ಅದನ್ನು ಹಾಕಿಕೊಂಡರು. ಕಾಗವಾಡದ ಕಡೆ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ಬಂದ ಹೆಂಗಸರು ಊಟದ ಹೊತ್ತಿಗೆ ಒಂದು ಮೊಬೈಲಿನ ಸುತ್ತ ಕೂತು, ತೋಟದ ಮಾಲಕನ ಮಗನನ್ನೇ ಹುಡುಕಿ ಸರದಿಯ ಮೇಲೆ ಮುದ್ದೆ ಮಾಡುತ್ತಾರೆ ಎಂದು ಮಾಲಕರು ಹೆಮ್ಮೆಯಿಂದ ಹೇಳುತ್ತಿದ್ದರು. ಅಣ್ಣನ ಫೋಟೊವನ್ನು ನಾನು ಅಷ್ಟರಲ್ಲಿ ತೆಗೆದಿದ್ದೆ. ಆಗ ಅದರ ಅವಶ್ಯಕತೆಯೂ ಇರಲಿಲ್ಲ. ಒಂದು ಸಲ ಮಾಲಕರಿಗೆ, ಇದನ್ನು ತೆಗೆದು ಮೊದಲಿನಂತೆ ಮೆಲ್ಲಗೆ ಸರಿಯುವುದನ್ನೇ ಇಡೋಣ ಎಂದು ಕೇಳಿಕೊಂಡೆ. "ಇರಲಿ ಬಿಡ್ರಿ ಅಂದಾಕೀ ನೀನ," ಎಂದರು. ಆಮೇಲೆ ಅದಕ್ಕೆ ಸದ್ದು ಸೇರಿಸಲು ಹೇಳಿದರು. ಸೇರಿಸಿದೆ. ಇನ್ನೂ ಒಂದು ವರ್ಷ ಅಲ್ಲಿ ಕೆಲಸ ಮಾಡಿದೆ.

ನನ್ನ ಮದುವೆ ಅಥಣಿಯ ಒಬ್ಬ ಶಾಲೆ ಮಾಸ್ತರರ ಜೊತೆ ಆಯಿತು. ಅವರ ಮನೆಯವರು ಬದಲಿಗೆ ಹೆಣ್ಣು ಕೊಡುವ, ಬಿಡುವ ಮಾತು ತೆಗೆಯಲಿಲ್ಲ. ಅಪ್ಪನ ಜಾಗದಲ್ಲಿ ನಿಂತು ಅಣ್ಣನೇ ಧಾರೆ ಎರೆದ. ವರನ ಕಾಲು ತೊಳೆದ, ಅಕ್ಕಿ ಹಾಕಿದ, ಬೀಗರಿಗೆ ಎಲೆಯಡಿಕೆ ಕೊಟ್ಟ. ಯಾವುದನ್ನೂ ಬಿಡಲಿಲ್ಲ. ನನ್ನನ್ನು ಗಾಡಿ ಹತ್ತಿಸುವಾಗ ಎಲ್ಲರೂ ಅತ್ತರು. ಅವನು ಟ್ರಂಕು ಸರಿಯಾಗಿ ಕಟ್ಟಿದೆಯೇ ಎಂದು ಹಗ್ಗ ಜಗ್ಗಿ ನೋಡುತ್ತಿದ್ದ.

ಮದುವೆಯಾಗಿ ಎರಡನೆಯ ವರ್ಷ ಅಥಣಿಯ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತಿದ್ದಾಗ ಯಾರೋ ಪಕ್ಕಕ್ಕೆ ಬಂದು ನಿಂತರು. ದಿಗ್ಗೇವಾಡಿಯ ಆ ಹುಡುಗಿ. ತೆಳ್ಳಗಾಗಿದ್ದಳು. ಅವಳನ್ನು ಇದೇ ತಾಲೂಕಿನ ಒಂದು ಮನೆಗೆ, ಮೊದಲ ಹೆಂಡತಿ ಸತ್ತವನಿಗೆ ಕೊಟ್ಟಿದ್ದರು. ಅವನಿಗೆ ನಲವತ್ತೈದು ದಾಟಿತ್ತು. ಆ ಮನೆಯವರು ಬದಲಿಗೆ ತಮ್ಮ ಮಗಳನ್ನು ಕುತ್ತಿಗೆಗೆ ದಪ್ಪ ಸರ ಹಾಕುತ್ತಿದ್ದ ಅವಳ ಅಣ್ಣನಿಗೆ ಕೊಟ್ಟಿದ್ದರು. ಅವಳು ಇದನ್ನೆಲ್ಲ ಕಾಯಿಪಲ್ಲೆಯ ದರ ಹೇಳಿದಂತೆ ಹೇಳಿದಳು. ನಾನು, ಆವತ್ತು ಕಾರ್ಯಾಲಯದಲ್ಲಿ ಆದದ್ದು ತಪ್ಪಾಯಿತು ಎಂದೆ.

"ನಿಮ್ಮ ಮನಿಗೆ ಬಂದಾಗ ನಿಮ್ಮಣ್ಣ ನನ್ನ ಕೊಟಗ್ಯಾಗ ಕರಕೊಂಡ ಹೋಗಿ ಎಮ್ಮಿ ತೋರಿಸಿದ," ಎಂದಳು ಅವಳು. "ನಿನಗ ಮನಸ ಐತೇನು ಇಲ್ಲೇನು ಅಂತ ಕೇಳಿದ. ಮನಸಿಲ್ಲಂದ್ರ ನಾನ ಬ್ಯಾಡ ಅಂತೇನಿ, ಮಾತ ನಿನ್ನ ಮ್ಯಾಲ ಬರೂದು ಬ್ಯಾಡ ಅಂದ. ಮನಸ ಐತಿ ಅಂದಿದ್ದೆ. ಆವತ್ತ ರಾಯಬಾಗದಿಂದ ಮನಿಗೆ ಬಂದ ಫೋನೂ ಮಾಡಿದ್ದೆ, ಒಮ್ಮೆ ಬಂದ ನಮ್ಮ ಅಪ್ಪನ್ನ ಕೇಳು ಅಂತ. ಬರಲಿಲ್ಲ."

ಬೈಯಲಿಲ್ಲ. ಮೆಣಸಿನಕಾಯಿಯ ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸಿನ ಹೊತ್ತಾಯಿತು ಎಂದು ಹೋದಳು.

ನಾನು ಪರದೆಯ ಪಕ್ಕಕ್ಕೆ ನಿಂತಾಗ ಆ ಮದುವೆಯಿಂದ ನನ್ನ ಕುತ್ತಿಗೆ ಬಿಡಿಸಿಕೊಳ್ಳುವುದನ್ನು ಮಾತ್ರ ನೋಡಿಕೊಂಡಿದ್ದೆ. ಅಣ್ಣನಿಗೆ ಯಾರೋ ಒಬ್ಬಳು ಹೂಂ ಅಂದಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಬೇಡ ಅನ್ನಿಸಿಕೊಳ್ಳುವುದೇ ಅವನ ಹಣೆಬರಹ ಎಂದು ಊರವರಂತೆ ನಾನೂ ನಂಬಿದ್ದೆ.

ನಾಗರ ಪಂಚಮಿಗೆ ಅಣ್ಣ ಪ್ರತಿ ವರ್ಷ ನನ್ನನ್ನು ತವರಿಗೆ ಕರೆಯಲು ಬರುತ್ತಾನೆ. ಒಂದು ವರ್ಷವೂ ತಪ್ಪಿಸಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಉಂಡಿಯ ಡಬ್ಬಿ ಇಟ್ಟು, ಅತ್ತೆ ಮಾವನಿಗೆ ನಮಸ್ಕಾರ ಮಾಡಿ, ಚಹಾ ಕುಡಿದು, ಬೈಕಿನ ಮೇಲೆ ನನ್ನನ್ನು ಕೂಡಿಸಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಬೇಕಾದದ್ದಷ್ಟೇ ಮಾತು. ಸಂತೆಯಲ್ಲಿ ಆ ಹುಡುಗಿ ಸಿಕ್ಕ ವರ್ಷ, ನಡುವೆ ಚಹಾಕ್ಕೆ ನಿಂತಾಗ ನಾನು ತಡೆಯಲಾರದೆ ಎಲ್ಲ ಹೇಳಿದೆ. ಹೇಳಿದರೆ ನನ್ನ ಎದೆಯ ಭಾರ ಇಳಿದೀತು ಎಂಬ ಆಸೆ. ಅದು ಅವನ ಮೇಲೆ ಹೋಗಿ ಕೂರುತ್ತದೆ ಎಂಬುದನ್ನು ಆಗಲೂ ಯೋಚಿಸಲಿಲ್ಲ.

ಅವನು ಬಸಿಯಲ್ಲಿದ್ದ ಚಹಾ ಮುಗಿಸಿದ.

"ಫೋನ್ ಮಾಡಿದ್ಲು," ಎಂದ. "ಹೋಗಬೇಕಂತ ಅಂಗೀನೂ ಹಾಕ್ಕೊಂಡಿದ್ದೆ. ಅಷ್ಟ್ರಾಗ ಯಾರೋ ಆ ವಿಡಿಯೊ ಕಳಿಸಿದ್ರು. ಮಂದಿ ನಗೂದು ಬ್ಯಾರೆ, ಅದನ್ನ ಕಂಡೇನಿ. ಅದರಾಗ ನೀ ನಗಾಕತ್ತಿದ್ದಿ. ನನ್ನ ಮನ್ಯಾಗಿನಾಕೀನ ನಗಾಕತ್ತಾಳಂದ ಮ್ಯಾಲೆ, ಇನ್ನೊಬ್ಬರ ಮಗಳನ್ನ ಯಾವ ಮನಿಗೆ ಕರಕೊಂಡ ಬರ್ಲಿ."

ನನಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ, ಬೇಸರವೂ ಪಡಲಿಲ್ಲ. ಚಹಾದವನಿಗೆ ಕೊಡುವುದನ್ನು ಕೊಟ್ಟು ಬೈಕು ಚಾಲು ಮಾಡಿದ. ಮುಂದೆ ರಸ್ತೆ ಕಿತ್ತಿದೆ, ಸೆರಗು ಗಾಲಿಗೆ ಸಿಗದಂತೆ ಸರಿಯಾಗಿ ಕೂತುಕೋ ಎಂದು ಹೇಳಿದ. ಕೂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.